ಆರು ವಾರದ ರಜೆಗೆ ಕಾರಣ

ಗಂಭೀರ ವಿಷಯ ಯಾವುದೇ ಇರಲಿ, ನನ್ನ ಹತ್ತಿರ ಬಂದ ಮೇಲೆ ಗಂಭೀರವಾಗಿಯೇ ಮುಗಿದದ್ದು ಅಂತ ಇಲ್ಲ. ಮದುವೆಯಿಂದ ಹಿಡಿದು ಮೊನ್ನೆಯ ಆಪರೇಶನ್ನಿನವರೆಗೆ ಎಲ್ಲದಕ್ಕೂ ಎಲ್ಲಿಂದಲೋ ಒಂದು ನಗೆ ಬಂದು ಸೇರಿಕೊಳ್ಳುತ್ತದೆ. ಬಲ್ಮಠದ ಹತ್ತಿರ ಒಂದು ಕಾಲೇಜಿನ ಆಫೀಸಿನಲ್ಲಿ ನಾನು ಕ್ಲರ್ಕು. ಮಕ್ಕಳ ಸರ್ಟಿಫಿಕೇಟಿನ ಕೌಂಟರು, ಸ್ಟಾಫಿನ ರಜೆಯ ಫೈಲು, ಎರಡೂ ನನ್ನದೇ. ಇಪ್ಪತ್ತಮೂರು ವರ್ಷದಿಂದ ಅದೇ ಕುರ್ಚಿ. ಮನೆ ಕುದ್ರೋಳಿಯಲ್ಲಿ. ಪ್ರಾಯ ನಲವತ್ತೆಂಟು, ಮುಚ್ಚಿಡುವುದು ಎಂತಕ್ಕೆ.

ನಾಳೆ

ಮೂರು ವರ್ಷದಿಂದ ತಿಂಗಳಲ್ಲಿ ಹದಿನೈದು ದಿನ ನನಗೆ ರಕ್ತ ಹೋಗುತ್ತಿತ್ತು. ಗರ್ಭಕೋಶದಲ್ಲಿ ಗಡ್ಡೆ. ಕ್ಯಾನ್ಸರ್ ಅಲ್ಲ ಅಂತ ಪರೀಕ್ಷೆ ಮಾಡಿ ಹೇಳಿದ್ದರು, ಅದೊಂದು ಸಮಾಧಾನ. ಮಾತ್ರೆ ತಿಂದಾಯ್ತು, ಒಳಗೆ ಇಡುವ ಸಾಧನ ಇಡಿಸಿಯೂ ಆಯ್ತು, ಯಾವುದಕ್ಕೂ ಅದು ಬಗ್ಗಲಿಲ್ಲ.

ಡಾಕ್ಟರಮ್ಮ ಹೇಳಿದರು, "ಇನ್ನು ಗರ್ಭಕೋಶ ತೆಗೆಯುವುದು ಒಂದು ದಾರಿ. ತೆಗೆಸಲೇಬೇಕು ಅಂತ ನಾನು ಹೇಳುವುದಿಲ್ಲ, ಮುಟ್ಟು ನಿಲ್ಲುವವರೆಗೆ ಕಾಯುವವರೂ ಇದ್ದಾರೆ. ಆದರೆ ನಿಮ್ಮ ಮೈಯಲ್ಲಿ ರಕ್ತ ಕಡಿಮೆ ಆಗ್ತಾ ಉಂಟು. ತೀರ್ಮಾನ ನಿಮ್ಮದು."

ತೀರ್ಮಾನ ನಿನ್ನದು ಅಂತ ನನಗೆ ಜೀವಮಾನದಲ್ಲಿ ಯಾರೂ ಹೇಳಿದ್ದಿಲ್ಲ. ಕೌಂಟರಿನಲ್ಲಿ ಮಕ್ಕಳಿಗೆ ದಿನಾ ಹೇಳುವುದನ್ನೇ ಅವರಿಗೂ ಹೇಳಿದೆ, "ನಾಳೆ ಹೇಳ್ತೇನೆ."

ಮತ್ತೆ ನಾನು ಅವರ ಮುಂದೆ ಹೋಗಿ ಕೂತದ್ದು ಎಂಟು ತಿಂಗಳು ಕಳೆದು. ಅವರು ಕನ್ನಡಕದ ಮೇಲಿನಿಂದ ನೋಡಿ ಕೇಳಿದರು, "ಬನ್ನಿ ಮೇಡಂ, ನಾಳೆ ಆಯ್ತಾ?"

ಬಾಕಿ ಉಳಿದದ್ದು

ಆ ಎಂಟು ತಿಂಗಳು ನಾನು ಸುಮ್ಮನೆ ಕೂತಿರಲಿಲ್ಲ, ಹೆದರಿಕೊಂಡು ಕೂತಿದ್ದೆ. ಮಲಗಿಸಿ ಮದ್ದು ಕೊಟ್ಟ ಮೇಲೆ ಏಳ್ತೇನೋ ಇಲ್ಲವೋ ಅಂತ ಒಂದು ಹೆದರಿಕೆ. ಎದ್ದರೂ ಮೊದಲಿನ ಹಾಗೆ ಇರ್ತೇನೋ ಇಲ್ಲವೋ ಅಂತ ಇನ್ನೊಂದು. ಈ ಆಪರೇಶನ್ ಆದವರೊಬ್ಬರ ಹತ್ತಿರ ಮಾತಾಡಿದರೆ ಧೈರ್ಯ ಬಂದೀತು ಅಂತ ಸ್ಟಾಫ್ ರೂಮಿನಲ್ಲಿ ವಿಚಾರಿಸಿದೆ. ಒಬ್ಬರಿಗೂ ಆಗಿರಲಿಲ್ಲ. ಅವರ ಅಕ್ಕ ತಂಗಿಯರಿಗೂ ಆಗಿರಲಿಲ್ಲ. ಹೊಟ್ಟೆಯ ಆಪರೇಶನ್ ಆದವರೆಲ್ಲ ಅಪೆಂಡಿಕ್ಸ್ ಅಂದರು. ನಮ್ಮ ಊರಲ್ಲಿ ಹೆಂಗಸರ ಹೊಟ್ಟೆಯಿಂದ ತೆಗೆಯುವುದು ಅಪೆಂಡಿಕ್ಸ್ ಒಂದೇ ಅಂತ ಅವತ್ತು ನನಗೆ ಗೊತ್ತಾಯ್ತು.

ಲೈಬ್ರರಿ ಮೇಡಂ ಮಾತ್ರ ನನ್ನನ್ನು ಮೂಲೆಗೆ ಕರೆದು ಕೈ ಹಿಡಿದುಕೊಂಡರು. "ಹೆದರಬೇಡಿ ಮಾರಾಯ್ತಿ, ಮಾಡಿಸಿ. ಹೋದ ವರ್ಷ ಅಪೆಂಡಿಕ್ಸ್ ತೆಗೆಸಿದ ಮೇಲೆ ನಾನು ಎಷ್ಟು ಹಾಯಾಗಿದ್ದೇನೆ ನೋಡಿ."

ನಾನು ಸುಮ್ಮನಿರಬಹುದಿತ್ತು. ಆದರೆ ಫೈಲು ನೋಡಿ ನೋಡಿ ಅಭ್ಯಾಸ. "ಮೇಡಂ, ನಿಮ್ಮ ಅಪೆಂಡಿಕ್ಸ್ ಹತ್ತು ವರ್ಷ ಮೊದಲೇ ಒಮ್ಮೆ ತೆಗೆದಿದ್ದರಲ್ಲ? ರಜೆಯ ಅರ್ಜಿ ನನ್ನ ಹತ್ತಿರ ಉಂಟು" ಅಂದೆ.

ಅವರು ಮೆಲ್ಲ ನನ್ನ ಕೈ ಬಿಟ್ಟು, "ಹೌದು, ಅವತ್ತು ಸ್ವಲ್ಪ ಬಾಕಿ ಉಳಿದಿತ್ತು" ಅಂದರು.

ಹೊಟ್ಟೆನೋವು

ಒಂದು ದಿನ ಆಫೀಸಿನ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ಕಣ್ಣು ಕತ್ತಲೆ ಬಂತು. ಅಲ್ಲೇ ಕೂತೆ. ಮೇಲೆ ಹತ್ತಲಿಕ್ಕೂ ಆಗದು, ಕೆಳಗೆ ಇಳಿಯಲಿಕ್ಕೂ ಆಗದು. ಹಿಂದೆ ಸೀರೆಗೆ ಕಲೆ ಆಗಿದೆಯಾ ಅಂತ ತಿರುಗಿ ನೋಡುವಾಗ ಅಳು ಬಂತು. ದಿನಕ್ಕೆ ಇಪ್ಪತ್ತು ಸಲ ಹೀಗೆ ತಿರುಗಿ ನೋಡಿಕೊಂಡು ಬದುಕುವುದು ಸಾಕಾಗಿತ್ತು. ಮಾಡಿಸಿಯೇ ಬಿಡುವುದು ಅಂತ ಅಲ್ಲೇ ಮೆಟ್ಟಿಲ ಮೇಲೆ ತೀರ್ಮಾನ ಮಾಡಿದೆ. ಕಣ್ಣು ಒರೆಸಿಕೊಂಡು ಮೇಲೆ ಹೋದವಳೇ ರಜೆಯ ಅರ್ಜಿ ಬರೆದೆ. ಕಾರಣ: ಗರ್ಭಕೋಶ ತೆಗೆಯುವ ಆಪರೇಶನ್. ಅವಧಿ: ಆರು ವಾರ.

ನಮ್ಮ ಪ್ರಿನ್ಸಿಪಾಲರು ಬಹಳ ಸಂಕೋಚದ ಮನುಷ್ಯ. ಅರ್ಜಿ ಓದಿದರು, ಫ್ಯಾನ್ ನೋಡಿದರು, ಕಿಟಕಿ ನೋಡಿದರು, ನನ್ನನ್ನು ಮಾತ್ರ ನೋಡಲಿಲ್ಲ. "ಮೇಡಂ, ಇಷ್ಟೆಲ್ಲ ಬಿಡಿಸಿ ಬರೆಯಬೇಕಾ? ಹೊಟ್ಟೆನೋವು ಅಂತ ಬರೆದರೆ ಸಾಕಲ್ಲ?"

"ಸಾರ್, ಹೊಟ್ಟೆನೋವಿಗೆ ನೀವು ಮೂರು ದಿನಕ್ಕಿಂತ ಹೆಚ್ಚು ಕೊಡುವುದಿಲ್ಲ" ಅಂದೆ. ಫ್ಯಾನ್ ನೋಡುತ್ತಲೇ ಸಹಿ ಹಾಕಿದರು.

ಭಾನುವಾರದ ರಿಹರ್ಸಲ್

ನಮ್ಮ ಪಕ್ಕದ ಮನೆಯಲ್ಲಿ ಕೊಂಕಣಿ ಮಾತಾಡುವ ಒಬ್ಬರು ಇದ್ದಾರೆ, ಗಲ್ಫಿನಲ್ಲಿ ನರ್ಸಾಗಿದ್ದು ರಿಟೈರ್ ಆದವರು. ಇಡೀ ಓಣಿಗೆ ಅವರು ಸಿಸ್ಟರ್. ವಿಷಯ ಗೊತ್ತಾದದ್ದೇ ತಡ, ಪಟ್ಟಿ ಹಿಡಿದುಕೊಂಡು ಬಂದರು. ಆರು ವಾರ ನೀರಿನ ಕೊಡಪಾನ ಎತ್ತಬಾರದು, ಬಗ್ಗಿ ಗುಡಿಸಬಾರದು. ಮಂಚದಿಂದ ನೇರ ಏಳಬಾರದು, ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಬೇಕು. "ಬರುವ ಭಾನುವಾರ ಒಂದು ರಿಹರ್ಸಲ್ ಮಾಡುವ. ನೀವು ಮಲಗಿರಿ, ಮನೆ ಇವರು ನೋಡಿಕೊಳ್ಳಲಿ" ಅಂತ ನಮ್ಮವರ ಕಡೆ ಬೆರಳು ತೋರಿಸಿದರು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾನು ಮಲಗಿದೆ. ಐದು ನಿಮಿಷಕ್ಕೊಮ್ಮೆ ಅಡಿಗೆ ಮನೆಯಿಂದ ಪ್ರಶ್ನೆ. ಜೀರಿಗೆ ಎಲ್ಲಿ ಉಂಟು, ಕುಚ್ಚಲಕ್ಕಿಗೆ ನೀರು ಎಷ್ಟು, ಬಂಗುಡೆಗೆ ಹುಳಿ ಮೊದಲಾ ಮೆಣಸು ಮೊದಲಾ. "ಪೇಶೆಂಟಿನ ಹತ್ತಿರ ಕೇಳುವ ಹಾಗಿಲ್ಲ" ಅಂತ ಸಿಸ್ಟರ್ ಬಾಗಿಲು ಹಾಕಿದರು. ಒಂದು ನಿಮಿಷದಲ್ಲಿ ನನ್ನ ಮೊಬೈಲ್ ರಿಂಗಾಯ್ತು. ನೋಡಿದರೆ ಅಡಿಗೆ ಮನೆಯಿಂದ ಇವರದ್ದೇ ಫೋನು. "ಉಪ್ಪಿನ ಡಬ್ಬಿ ಯಾವುದು ಮಾರಾಯ್ತಿ?" ಪಿಸುಮಾತಿನಲ್ಲಿ ಕೇಳುತ್ತಿದ್ದರು.

ಅನ್ನ ಆಗುವಾಗ ಮೂರು ಗಂಟೆ. ಸಾಯಂಕಾಲ ನೋಡಿದರೆ ನಮ್ಮವರು ಸೊಂಟ ಹಿಡಿದುಕೊಂಡು ಇನ್ನೊಂದು ಮಂಚದಲ್ಲಿ ಬಿದ್ದಿದ್ದರು. ಪಕ್ಕಕ್ಕೆ ಹೊರಳಿ ಕೈ ಊರಿ ಏಳುವುದು ಹೇಗೆ ಅಂತ ಸಿಸ್ಟರ್ ಅವರಿಗೆ ಕಲಿಸುತ್ತಿದ್ದರು.

ಟ್ರೇ

ಆಪರೇಶನ್ ಆದ ಮೇಲೆ ತೆಗೆದದ್ದನ್ನು ಟ್ರೇಯಲ್ಲಿ ಇಟ್ಟು ಮನೆಯವರನ್ನು ಕರೆದು ತೋರಿಸುವ ಕ್ರಮ ಉಂಟು. ನಮ್ಮವರನ್ನೂ ಕರೆದರಂತೆ. ನನಗೆ ಇದೊಂದೂ ಗೊತ್ತಿಲ್ಲ. ಎಚ್ಚರವಾಗುವಾಗ ಮೊದಲು ಕೇಳಿದ್ದು ಯಾರೋ ನರ್ಸಿನ ಮೆತ್ತಗಿನ ಸ್ವರ, "ಬಿಪಿ ಈಗ ಸರಿ ಉಂಟು, ಹೆದರಬೇಡಿ, ನಿಧಾನ ಕಣ್ಣು ಬಿಡಿ." ಬದುಕಿದೆ ಅಂತ ಎಷ್ಟು ಸಂತೋಷ ಆಯ್ತು ಅಂದರೆ, ಕಷ್ಟಪಟ್ಟು ಕಣ್ಣು ಬಿಟ್ಟು ಅವಳಿಗೆ ಥ್ಯಾಂಕ್ಸ್ ಹೇಳಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಪಕ್ಕದ ಸ್ಟ್ರೆಚರಿನಲ್ಲಿ ಮಲಗಿದ್ದ ನನ್ನ ಗಂಡನಿಗೆ ಹೇಳುತ್ತಿದ್ದಳು.

ಹಂಚಿಕೆ

ಅತ್ತೆಗೆ ಎಪ್ಪತ್ತಾರು. ಬಜಪೆಯಲ್ಲಿ ನನ್ನ ಭಾವನ ಮನೆಯಲ್ಲಿ ಇರುವುದು. ಆಫೀಸಿನಲ್ಲಿ ಬಿಡಿಸಿ ಬರೆದುಕೊಟ್ಟ ನನಗೆ ಅತ್ತೆಗೆ ಹೇಳುವ ಧೈರ್ಯ ಇರಲಿಲ್ಲ, ಗರ್ಭಕೋಶ ತೆಗೆಸುವುದಾ ಅಂತ ಬೊಬ್ಬೆ ಹಾಕಿಯಾರು ಅಂತ. ಆಪರೇಶನ್ನಿಗೆ ಮೊದಲು ಫೋನಿನಲ್ಲಿ ಹೇಳಿದ್ದು ಇವರು. ಅತ್ತೆ ಫೋನು ನನಗೆ ಕೊಡಿಸಿ, "ನನಗೂ ಹೀಗೇ ಹೋಗ್ತಿತ್ತು ಮಗಾ, ಹತ್ತು ವರ್ಷ. ಎಂತ ಆಯ್ತು ನಿನಗೆ ಅಂತ ಒಬ್ಬರೂ ಕೇಳಲಿಲ್ಲ. ನೀನು ಮಾಡಿಸು, ಬಾಣಂತನಕ್ಕೆ ನಾನು ಬರ್ತೇನೆ" ಅಂದರು.

ಬಾಣಂತನ ಅಂತ ಸುಮ್ಮನೆ ಬಾಯಿಮಾತಿಗೆ ಹೇಳಿದ್ದು ಅಂದುಕೊಂಡಿದ್ದೆ. ಗರ್ಭಕೋಶಕ್ಕೆ ನೋವಾದ ಮೇಲೆ ಅದು ಬಾಣಂತನವೇ, ಅತ್ತೆಯ ಲೆಕ್ಕ ಅಷ್ಟೇ. ಭರಣಿ ತುಂಬ ಬೆಳ್ಳುಳ್ಳಿ ಲೇಹ್ಯ, ಮೆಂತೆ ಗಂಜಿಯ ಸಾಮಾನು, ಅರಸಿನ ಎಣ್ಣೆ, ಕಿವಿಗೆ ಹತ್ತಿ, ಎಲ್ಲ ಹೊತ್ತುಕೊಂಡು ಬಂದರು. ಹಂಡೆ ತುಂಬ ನೀರು ಕಾಯಿಸಿ ಮೈಗೆ ಎರಚಲು ನಿಂತಾಗ ಸಿಸ್ಟರ್ ಓಡಿ ಬಂದರು. "ಹೊಲಿಗೆ ಉಂಟು ಅಮ್ಮ, ಹೊಟ್ಟೆ ಮುಟ್ಟುವ ಹಾಗಿಲ್ಲ. ಅವರು ದಿನಾ ನಡೆಯಬೇಕು." ಅತ್ತೆ, "ನಲವತ್ತು ದಿನ ಕಾಲು ಕೆಳಗೆ ಇಡುವ ಹಾಗಿಲ್ಲ. ನಾನು ಹನ್ನೊಂದು ಬಾಣಂತನ ಮಾಡಿದವಳು."

ಎರಡು ದಿನ ಜಗಳ ಆಗಿ ಕೊನೆಗೆ ರಾಜಿ ಆಯ್ತು. ನಡೆಸುವುದು ಸಿಸ್ಟರ್, ನಡೆದು ಬಂದ ಮೇಲೆ ಕಾಲು ತಿಕ್ಕುವುದು ಅತ್ತೆ. ಕುತ್ತಿಗೆಯಿಂದ ಮೇಲೆ ಮತ್ತು ಮೊಣಕಾಲಿನಿಂದ ಕೆಳಗೆ ಅತ್ತೆಗೆ, ನಡುವಿನದ್ದು ಸಿಸ್ಟರಿಗೆ. ನನಗೆ ಎಂತ ಉಳಿಯಿತು ಅಂತ ಯಾರೂ ಕೇಳಲಿಲ್ಲ.

ನೋಡಲು ಬಂದವರು

ಎದುರು ಮನೆಯಾಕೆಗೆ ನನ್ನದೇ ಪ್ರಾಯ. ಅವಳ ಮನೆ ಜಗಲಿಯಿಂದ ನಮ್ಮ ಮನೆಯದ್ದೆಲ್ಲ ಕಾಣುತ್ತದೆ. ಗಡ್ಡೆ ಇದ್ದಾಗ ನನ್ನ ಹೊಟ್ಟೆ ಐದು ತಿಂಗಳಿನಷ್ಟು ಮುಂದೆ ಇತ್ತು, ಅದನ್ನು ಅವಳು ನೋಡಿದ್ದಳು. ನಾನು ಆಸ್ಪತ್ರೆಗೆ ಹೋದದ್ದು ನೋಡಿದಳು. ವಾಪಸ್ ಬಂದದ್ದೇ ಬಜಪೆಯಿಂದ ಅತ್ತೆ ಬಂದು ಹಂಡೆ ನೀರು ಕಾಯಿಸುವುದು, ಲೇಹ್ಯದ ಪರಿಮಳ, ತಲೆಗೆ ಬಟ್ಟೆ ಕಟ್ಟಿಕೊಂಡು ನಾನು ಕಿಟಕಿಯಲ್ಲಿ ನಿಂತದ್ದು, ಎಲ್ಲ ನೋಡಿದಳು. ಈಗಿನ ಕಾಲದಲ್ಲಿ ಯಾವ ಪ್ರಾಯಕ್ಕೂ ಹೆರಿಗೆ ಆಗ್ತದೆ ಅಂತ ಧೈರ್ಯ ಮಾಡಿ, ಕೊಡೆಯ ಹಾಗೆ ಬಿಚ್ಚುವ ಮಗುವಿನ ಸೊಳ್ಳೆಪರದೆ ಹಿಡಿದುಕೊಂಡು ಬಂದೇ ಬಿಟ್ಟಳು.

ಮಂಚದ ಆಚೆ ಈಚೆ ಎಲ್ಲ ಹುಡುಕಿ ಕೊನೆಗೆ ಕೇಳಿದಳು, "ಮಗು ಎಲ್ಲಿ ಅಕ್ಕ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು, "ಮಗು ಇಲ್ಲ ಮಾರಾಯ್ತಿ. ಮಗು ಕೂರುವ ಕೋಣೆಯನ್ನೇ ಖಾಲಿ ಮಾಡಿಸಿ ಬಂದದ್ದು."

ನನಗೆ ನಗು ತಡೆಯಲಿಲ್ಲ. ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹೊಲಿಗೆ ನೋಯುತ್ತಿತ್ತು, ನಗು ನಿಲ್ಲಲಿಲ್ಲ. ಮೂರು ವರ್ಷ ನಾನು ಜೋರಾಗಿ ನಗಲಿಕ್ಕೂ ಹೆದರುತ್ತಿದ್ದೆ, ನಕ್ಕರೆ ರಕ್ತ ಹೋಗಿ ಸೀರೆ ಹಾಳಾಗುತ್ತದೆ ಅಂತ. ಅವತ್ತು ನಕ್ಕು ಮುಗಿದ ಮೇಲೂ ಒಮ್ಮೆಯೂ ಹಿಂದೆ ತಿರುಗಿ ನೋಡಿಕೊಳ್ಳಲಿಲ್ಲ. ಅದು ಹೊಳೆದು ಇನ್ನಷ್ಟು ಸಂತೋಷ ಆಯ್ತು.

ಎದುರು ಮನೆಯಾಕೆ ಮಾತ್ರ ನಗಲಿಲ್ಲ. ಮಂಚದ ತುದಿಯಲ್ಲಿ ಕೂತು ಸಣ್ಣ ಸ್ವರದಲ್ಲಿ, "ಡಾಕ್ಟರ್ ನನಗೂ ಇದನ್ನೇ ಹೇಳಿ ಒಂದು ವರ್ಷ ಆಯ್ತು ಅಕ್ಕ. ಮನೆಯಲ್ಲಿ ಹೇಳಿಲ್ಲ. ಹೆದರಿಕೆ" ಅಂದಳು. ನಾನು ಅವಳ ಕೈ ಹಿಡಿದು ಎಲ್ಲ ಹೇಳಿದೆ. ಎಷ್ಟು ನೋವು, ಎಷ್ಟು ದಿನ, ಎಂತ ತಿನ್ನುವುದು, ಹೇಗೆ ಏಳುವುದು. ಅವಳ ಮುಖ ಸ್ವಲ್ಪ ಸ್ವಲ್ಪ ಸಡಿಲವಾಯ್ತು.

ಅತ್ತೆ ಅಷ್ಟರಲ್ಲಿ ಒಳಗೆ ಹೋಗಿ ಭರಣಿ ತಂದು ಅವಳ ಮುಂದೆ ಇಟ್ಟು ಮುಚ್ಚಳ ತೆಗೆದರು. "ಇಲ್ಲಿ ನೋಡು, ಅರ್ಧ ಉಳಿದಿದೆ. ಹಾಳಾಗುವ ಮೊದಲು ನಿನ್ನದೂ ಮಾಡಿಸಿಕೊ, ಬಾಣಂತನ ನಾನೇ ಮಾಡ್ತೇನೆ."

ಮುಂದಿನ ವಾರ ಅವಳು ಡಾಕ್ಟರಮ್ಮನ ಹತ್ತಿರ ಹೋದಳು. ಯಾವ ತಾರೀಕು ಬೇಕು ಅಂತ ಕೇಳಿದ್ದಕ್ಕೆ, "ಬೇಗದ್ದೇ ಕೊಡಿ ಡಾಕ್ಟ್ರೇ, ಲೇಹ್ಯ ಈ ತಿಂಗಳಿಗೆ ಮಾತ್ರ ಉಂಟು" ಅಂದಳಂತೆ.