ಇಂಟರ್‌ವಲ್ ತನಕದ ಜ್ಞಾನ

ಸಿನಿಮಾ ನೋಡಿ ಜೀವನದ ಪಾಠ ಕಲಿಯಬೇಕು ಅನ್ನುವವರು ಒಂದು ವಿಷಯ ಹೇಳುವುದೇ ಇಲ್ಲ. ಸಿನಿಮಾವನ್ನು ಪೂರ್ತಿ ನೋಡಬೇಕು. ನಾನು ಸಣ್ಣ ಪ್ರಾಯದಲ್ಲೇ ಶಾಲೆ ಬಿಟ್ಟು ಉಡುಪಿ ಕಡೆಯಿಂದ ಬೊಂಬಾಯಿ ಪಕ್ಕದ ಠಾಣೆಗೆ ಬಂದವನು. ಶಾಲೆಯಲ್ಲಿ ಬಿಟ್ಟುಹೋದದ್ದನ್ನು ಟಾಕೀಸಿನಲ್ಲಿ ಕಲಿತೆ, ಅದೂ ಅರ್ಧ. ನಾನು ಮತ್ತು ಸಂಜೀವ ಒಂದೇ ಹೋಟೆಲಿನಲ್ಲಿ ಸಪ್ಲೈಯರ್. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೂ ಧಣಿ ಇಬ್ಬರನ್ನು ಒಟ್ಟಿಗೆ ಹೊರಗೆ ಬಿಡುತ್ತಿರಲಿಲ್ಲ. ಹಾಗಾಗಿ ಒಂದೇ ಟಿಕೆಟ್ಟಿನಲ್ಲಿ ಇಂಟರ್‌ವಲ್ ತನಕ ನಾನು, ಆಮೇಲೆ ಅವನು. ಸಂಜೆಯ ತಿಂಡಿಗೆ ಟೇಬಲ್ ಸಜ್ಜು ಮಾಡುವ ಕೆಲಸ ನನ್ನದಾದ್ದರಿಂದ ಮೊದಲ ಅರ್ಧ ಯಾವಾಗಲೂ ನನ್ನ ಪಾಲಿಗೆ. ಟಾಕೀಸಿನ ಬಾಗಿಲಲ್ಲಿ ಹರಿದ ಟಿಕೆಟ್ ಅವನ ಕೈಗಿಟ್ಟು ನಾನು ಹೋಟೆಲಿಗೆ ಓಡುತ್ತಿದ್ದೆ.

ಮೊದಲ ಅರ್ಧದಲ್ಲಿ ಏನಿರುತ್ತದೆ ಹೇಳಿ? ತಾಯಿ ಕೆಮ್ಮುತ್ತಾಳೆ. ತಂಗಿಯ ಮದುವೆ ಮುರಿಯುತ್ತದೆ. ಒಳ್ಳೆಯವನನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ. ಅಲ್ಲಿಗೆ ದೀಪ ಹತ್ತಿಕೊಳ್ಳುತ್ತದೆ. “ಮತ್ತೆ ಎಂತ ಆಯ್ತು ಮಾರಾಯ?” ಎಂದು ಕೇಳಿದರೆ ಸಂಜೀವನದ್ದು ಯಾವತ್ತೂ ಒಂದೇ ಉತ್ತರ: “ಕೊನೆಗೆ ಎಲ್ಲ ಸರಿ ಆಯ್ತು.” ಇಷ್ಟು ಹೇಳುವುದಕ್ಕೆ ಅವನು ಸಿನಿಮಾ ನೋಡಬೇಕಿತ್ತೇ? ಲೋಕ ಕೆಟ್ಟದ್ದು, ತಲೆ ತಗ್ಗಿಸಿಕೊಂಡಿರಬೇಕು ಎಂದು ನಾನು ಕಲಿತೆ. ಎದುರು ನಿಂತವನಿಗೇ ಗೆಲುವು ಎಂದು ಅವನು ಕಲಿತ. ನಾನು ಅದೇ ಧಣಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಮುದುಕನಾದೆ. ಅವನು ಧಣಿಯ ಹತ್ತಿರ ಜಗಳ ಮಾಡಿ ಹೊರಟು ಕಾಮೋಠೆಯಲ್ಲಿ ಸ್ವಂತ ಹೋಟೆಲ್ ಇಟ್ಟ.

ಹಳೆಯ ಕತೆ ಈಗ ಯಾಕೆ ಅಂದರೆ, ನನ್ನ ಮೊಮ್ಮಗಳು ನಿಧಿ ಸಿನಿಮಾ ತೆಗೆದಳು! ಆರ್ಟ್ ಕಾಲೇಜಿನಲ್ಲಿ ಓದುವ ಹುಡುಗಿ, ಐರೋಲಿಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಒಂದು ದಿನ ಬಂದು, “ಅಜ್ಜಾ, ಮೇರೀ ಫಿಲ್ಮ್ ಮೇಂ ಹೀರೋ ನೀವೇ” ಅಂದಳು. ನಾನು ಹೀರೋ! ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ, ಹಾಲಿನವನಿಗೆ ಹೇಳಿದೆ, ರಾಂಗ್ ನಂಬರ್ ಫೋನ್ ಮಾಡಿದವನಿಗೂ ಹೇಳಿದೆ. ನಾನು ಮಾಡಬೇಕಾದದ್ದು ಏನು ಎಂದರೆ, “ಕುಛ್ ನಹೀಂ. ರೋಜ್ ಊಟ ಮಾಡ್ತೀರಲ್ಲ, ವೈಸೇ ಹೀ ಮಾಡಿ” ಅಂದಳು. ಫ್ರಿಜ್ಜಿನ ಮೇಲೆ ಕ್ಯಾಮೆರಾ ಇಟ್ಟಳು. ಬನಿಯನ್ನಿನಲ್ಲೇ ಕೂರಿ ಎಂದು ಗೋಗರೆದಳು. ಹೀರೋ ಬನಿಯನ್ನಿನಲ್ಲಿ ಕೂರುವುದುಂಟೇ? ಇಸ್ತ್ರಿ ಮಾಡಿದ ಶರ್ಟು ಹಾಕಿ, ತಲೆ ಬಾಚಿ, ವಾರಪೂರ್ತಿ ಉಂಡೆ.

ವರ್ತಕ ನಗರದ ಒಂದು ಸಣ್ಣ ಹಾಲ್‌ನಲ್ಲಿ ಷೋ. ಅವಳ ಮಾರ್ಕು ನಿಂತಿರುವುದೇ ಇದರ ಮೇಲೆ. ನಮ್ಮ ಬಿಲ್ಡಿಂಗಿನವರನ್ನೆಲ್ಲ ನಾನೇ ಕರೆದಿದ್ದೆ. “ಈ ಸಲವಾದರೂ ಮೊದಲಿಂದ ನೋಡು” ಎಂದು ಸಂಜೀವನಿಗೂ ಫೋನ್ ಮಾಡಿದ್ದೆ. ಹೆಂಡತಿ ಸುಮತಿ ನನ್ನ ಎಡಕ್ಕೆ, ಪಕ್ಕದ ಮನೆಯ ಮರಾಠಿ ಮಾವಶಿ ಬಲಕ್ಕೆ.

ಪರದೆಯ ತುಂಬ ನಾನೇ. ಉಣ್ಣುತ್ತಿದ್ದೇನೆ. ಪಕ್ಕದಿಂದ ಸೌಟು ಹಿಡಿದ ಒಂದು ಕೈ ಬಂದು ಬಡಿಸಿ ಹೋಗುತ್ತದೆ. ಮುಖ ಕಾಣುವುದಿಲ್ಲ. “ಉಪ್ಪು” ಅನ್ನುತ್ತೇನೆ, ಕೈ ಉಪ್ಪು ತರುತ್ತದೆ. “ನೀರು” ಅನ್ನುತ್ತೇನೆ, ನೀರು ಬರುತ್ತದೆ. ನಾನು ತಲೆಯೆತ್ತುವುದೇ ಇಲ್ಲ. ಶರ್ಟು ಬದಲಾಗುತ್ತದೆ, ಮತ್ತೆ “ಉಪ್ಪು.” ತಟ್ಟೆಯ ಮೀನಿನ ಬಗ್ಗೆ ನನಗಿದ್ದ ದೊಡ್ಡ ಡೈಲಾಗ್ ಒಂದೇ: “ಈ ಬೊಂಬಾಯಿ ಬಂಗುಡೆಯಲ್ಲಿ ಮೊಟ್ಟೆಯೇ ಇರುದಿಲ್ಲ. ನಮ್ಮ ಊರಿನದ್ದಾದರೆ ಹೊಟ್ಟೆ ತುಂಬ ಮೊಟ್ಟೆ!” ಅದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಇಲ್ಲಿ ಆ ಕೈಗೆ ಹೇಳುತ್ತಿದ್ದೆ. ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಹಿಂದಿನ ಸೀಟಿನ ಹುಡುಗಿ, “ಕಿತನಾ ಖಡೂಸ್ ಹೈ ಯಾರ್” ಅಂದಳು. ಎಂಥ ಸಿಡುಕ ಅಂತ! ಮಾವಶಿ ನನ್ನತ್ತ ತಿರುಗಿ ನೋಡಿದ ನೋಟ ಇನ್ನೂ ಮರೆತಿಲ್ಲ.

ಸಿಟ್ಟು ನೆತ್ತಿಗೇರಿತು. ತೋಳಿನುದ್ದ ಪ್ಲೇಟು ಜೋಡಿಸಿಕೊಂಡು ಇಡೀ ದಿನ ನಿಂತು ಠಾಣೆಗೆಲ್ಲ ಬಡಿಸಿದವನು ನಾನು. ಮನೆಯಲ್ಲಿ ಒಂದು ಹೊತ್ತು ಕೂತು ಉಂಡರೆ ಖಡೂಸೇ? ಅದನ್ನು ಯಾಕೆ ತೋರಿಸಲಿಲ್ಲ ಇವಳು? ಎದ್ದುಬಿಟ್ಟೆ. ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತ ಸಂಜೀವ ಬರುತ್ತಿದ್ದ.

“ಟ್ರೈನ್ ಲೇಟ್ ಮಾರಾಯ. ಶುರು ಆಯ್ತಾ?”

“ಅರ್ಧ ಆಯ್ತು. ಹೋಗು, ಸುಮತಿಯ ಹತ್ತಿರ ನನ್ನ ಸೀಟ್ ಖಾಲಿ ಉಂಟು.”

ಹೊರಗೆ ಚಹಾದ ಗಾಡಿಯ ಹತ್ತಿರ ಅರ್ಧ ಲೋಟದ ಕಟಿಂಗ್ ಕುಡಿಯುತ್ತ ನಿಂತೆ. ಒಳಗಿಂದ ಇದ್ದಕ್ಕಿದ್ದಂತೆ ಮಾಡು ಹಾರಿಹೋಗುವ ಹಾಗೆ ನಗು, ಆಮೇಲೆ ಚಪ್ಪಾಳೆ. ನನ್ನನ್ನೇ ನೋಡಿ, ಇನ್ನು ಯಾರನ್ನು? ಹೊರಗೆ ಬಂದ ಮಾವಶಿ, “ಬಿಚಾರೇ ಆಜೋಬಾ!” ಎಂದು ಈ ಪಾಪದ ಅಜ್ಜನ ಬೆನ್ನು ತಟ್ಟಿದರು. ಸಂಜೀವ ಹೊಟ್ಟೆ ಹಿಡಿದುಕೊಂಡು ಬಂದ. ಕೇಳಿದರೆ, “ಕೊನೆಗೆ ಎಲ್ಲ ಸರಿ ಆಯ್ತು” ಎಂದು ಮತ್ತೆ ನಗು. ಅಷ್ಟರಲ್ಲಿ ನಿಧಿ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. “ಅಜ್ಜಾ, ಸರ್ ಲೋಗೋಂ ಕೋ ಬಹುತ್ ಇಷ್ಟ ಆಯ್ತು! ನಿಮಗೆ?” ಆ ಮುಖದ ಬೆಳಕು ನೋಡಿದ ಮೇಲೆ ಎದ್ದು ಹೋದೆ ಎಂದು ಹೇಗೆ ಹೇಳಲಿ?

“ಭಾರೀ ಲಾಯ್ಕ ಇತ್ತು” ಅಂದೆ.

“ಔರ್ ಎಂಡಿಂಗ್?”

“ಕೊನೆಗೆ ಎಲ್ಲ ಸರಿ ಆಯ್ತಲ್ಲ!”

ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

ಐರೋಲಿ ತಲುಪುವ ತನಕ ಆ ಕೈಯೇ ಕಣ್ಣ ಮುಂದೆ. ಮನೆಗೆ ಬಂದು, ಸುಮತಿ ಸಾರು ಬಿಸಿ ಮಾಡಿ ಕರೆದಾಗ, ನಾನೇ ಸೌಟು ಕಿತ್ತುಕೊಂಡೆ. “ಇವತ್ತು ನೀನು ಕೂತ್ಕೋ. ನಾನು ಬಡಿಸ್ತೇನೆ.”

“ನನ್ನದು ಆಯ್ತಲ್ಲ” ಅಂದಳು ಸುಮತಿ.

“ಯಾವಾಗ?”

“ಯಾವಾಗಲೂ ಆಗುವ ಹೊತ್ತಿಗೆ. ನಿಮ್ಮನ್ನು ಕರೆಯುವ ಮೊದಲು.”

ನಿಧಿ ಬಿದ್ದು ಬಿದ್ದು ನಕ್ಕಳು. “ಅಜ್ಜಾ! ನೀವು ಸೆಕೆಂಡ್ ಹಾಫ್ ನೋಡಲೇ ಇಲ್ಲ!” ಎಂದು ಫೋನಿನಲ್ಲಿ ಹಚ್ಚಿ ಕೊಟ್ಟಳು. ನಮ್ಮ ಅಡುಗೆಮನೆ. ಅದೇ ಕೈ, ಈಗ ಅದಕ್ಕೆ ಮುಖವೂ ಇದೆ. ಸುಮತಿ ಒಲೆಯ ಮುಂದೆ ನಿಂತು ಸಾರಿನಲ್ಲಿ ಬೆಂದ ದಪ್ಪದೊಂದು ಬಂಗುಡೆಯ ಹೊಟ್ಟೆ ಬಿಡಿಸುತ್ತಾಳೆ. ಒಳಗಿಂದ ಹೆಬ್ಬೆರಳು ಗಾತ್ರದ ಮೊಟ್ಟೆ! ಕಣ್ಣು ಮುಚ್ಚಿಕೊಂಡು ತಿನ್ನುತ್ತಾಳೆ. ಬಾಯಿ ಒರೆಸಿಕೊಂಡು, “ಬನ್ನಿ, ಊಟಕ್ಕಾಯ್ತು” ಅನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಹೊರಗಿಂದ ನನ್ನ ಧ್ವನಿ: “ಈ ಬೊಂಬಾಯಿ ಬಂಗುಡೆಯಲ್ಲಿ...” ಸುಮತಿ ಕ್ಯಾಮೆರಾ ನೋಡಿ ತುಟಿಯ ಮೇಲೆ ಬೆರಳಿಡುತ್ತಾಳೆ.

“ಇಷ್ಟು ವರ್ಷ?” ಅಂದೆ.

“ಒಮ್ಮೆ ಒಳಗೆ ಬಂದಿದ್ದರೆ ಕೊಡ್ತಿರಲಿಲ್ವಾ?” ಅಂದಳು. “ಸೌಟು ಹಿಡಿದು ನಿಂತದ್ದೂ ನಾನೇ, ನೆನಪಿರಲಿ.”

ಮೊದಲ ಅರ್ಧದಲ್ಲಿ ವಿಲನ್, ಎರಡನೆಯದರಲ್ಲಿ ಕಾಮಿಡಿಯನ್. ಹೀರೋ ಆದದ್ದು ಯಾವಾಗ ಎಂದು ನಿಧಿಯನ್ನು ಕೇಳಿದರೆ ಕೆನ್ನೆ ಹಿಂಡಿ ಹೋದಳು.

ಮರು ಭಾನುವಾರ ಕರೆಯುವ ಮೊದಲೇ ಅಡುಗೆಮನೆಗೆ ಹೋಗಿ ನಿಂತೆ. ಸುಮತಿ ಮೊಟ್ಟೆಯನ್ನು ಎರಡು ಮಾಡಿ ಸಣ್ಣ ತುಂಡನ್ನು ನನ್ನ ಅಂಗೈಗೆ ಹಾಕಿದಳು. ನಾಲಿಗೆಗಿಟ್ಟು ಅಭ್ಯಾಸಬಲದಿಂದ, “ಉಪ್ಪು” ಅಂದೆ. “ಇಲ್ಲೇ ಉಂಟು, ಹಾಕಿಕೊಳ್ಳಿ” ಎಂದು ತನ್ನ ಪಾಲು ಹಿಡಿದು ಬಾಲ್ಕನಿಗೆ ನಡೆದಳು. ಒಂದು ಡಬ್ಬಿ ತೆರೆದರೆ ಸಕ್ಕರೆ, ಇನ್ನೊಂದರಲ್ಲಿ ರವೆ. ಕೂಗಿ ಕೇಳಲು ಮರ್ಯಾದೆ ಅಡ್ಡ ಬಂತು. ಫೋನಿನಲ್ಲಿ ನೋಡುವಾಗ ಮೊಟ್ಟೆಯೊಂದನ್ನು ಬಿಟ್ಟು ಬೇರೇನೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕೊನೆಗೆ ಸೆಕೆಂಡ್ ಹಾಫ್ ನೋಡಿದವನಿಗೇ, ಕಾಮೋಠೆಗೆ, ಫೋನ್ ಮಾಡಿದೆ.

“ಒಲೆಯ ಎಡಗಡೆ ಮಾರಾಯ, ನೀಲಿ ಮುಚ್ಚಳದ ಡಬ್ಬಿ” ಅಂದ ಸಂಜೀವ.