ನಮ್ಮನೆ ಕೂಸಿಗೆ ಸೋದರಮಾವ ಯಾರು?

ನಮ್ಮ ಮನೇಲಿ ಒಂದು ವಾರ ಏನೂ ಆಗದೆ ಕಳೆದರೆ ನನಗೆ ಅನುಮಾನ ಶುರುವಾಗುತ್ತೆ. ಆಗಿರೋದಂತೂ ಆಗಿದೆ, ನನಗೆ ಮಾತ್ರ ತಿಳಿಸಿಲ್ಲ ಅಂತ. ಅನುಮಾನ ಪಡೋದೇ ನನ್ನ ಕಸುಬಾಗಿತ್ತು ನೋಡಿ. ಮೂವತ್ನಾಲ್ಕು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು ನಾನು. ಮೀಸೆ ಚಿಗುರಿದ ಹುಡುಗನನ್ನ ತೊಡೆ ಮೇಲೆ ಕೂರಿಸಿಕೊಂಡು, "ಐದು ತುಂಬಿಲ್ಲ ಕಣಣ್ಣ" ಅಂತ ಆಣೆ ಇಡೋ ತಾಯಂದಿರನ್ನ ಕಂಡವನು.

ಮನೆ ಇರೋದು ಪಾಲಹಳ್ಳಿಯಲ್ಲಿ. ನಾನು, ನಮ್ಮನೆಯವಳು, ಮಗ, ಸೊಸೆ, ಎರಡೂವರೆ ವರ್ಷದ ಮೊಮ್ಮಗಳು. ಸೊಸೆ ಕೀನ್ಯಾ ದೇಶದವಳು. ಮೈಸೂರಿಗೆ ಓದಕ್ಕೆ ಬಂದಳು. ನನ್ನ ಮಗ ಅದೇ ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಓದು ಮುಗಿಯೋ ಹೊತ್ತಿಗೆ ಅವಳು ನಮ್ಮ ಸೊಸೆಯಾಗಿದ್ದಳು. ಮೊಮ್ಮಗಳಿಗೆ ಬಣ್ಣ ಅವರಮ್ಮನದು, ಗುಂಗುರು ಕೂದಲು ಅವರಮ್ಮನದು. ಹಟ ಮಾತ್ರ ನಮ್ಮ ವಂಶದ್ದು.

ಎಲ್ಲ ಚೆನ್ನಾಗಿತ್ತು, ಕಿಕ್ಕೇರಿಯ ನಮ್ಮಕ್ಕನ ವಿಷಯ ಒಂದು ಬಿಟ್ಟು. ನಮ್ಮವ್ವ ಬೇಗ ಹೋದಳು. ನನ್ನನ್ನ ಎತ್ತಿ ಆಡಿಸಿ ಸಾಕಿದವಳು ಅಕ್ಕ. ಅವಳ ಮಗಳನ್ನ ನನ್ನ ಮಗನಿಗೇ ತಂದುಕೊಳ್ಳೋದು ಅಂತ ತೊಟ್ಟಿಲಲ್ಲೇ ಮಾತಾಗಿತ್ತು. ಮಗ ಕೀನ್ಯಾದ ಹುಡುಗಿ ಅಂದ ದಿನ ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಮೊಮ್ಮಗಳ ಮುಖ ನೋಡಕ್ಕೂ ಬರಲಿಲ್ಲ. ಕೂಸಿನ ಮೊದಲ ಕೂದಲನ್ನ ಮನೆದೇವರಿಗೆ ಕೊಡೋ ಶಾಸ್ತ್ರ ಉಂಟಲ್ಲ, ಮುಡಿ ತೆಗೆಸೋದು, ಅದು ಮೂರು ತುಂಬೋದರೊಳಗೆ ಆಗಬೇಕು. ಅಕ್ಕ ಬರದೆ ಮುಡಿ ತೆಗೆಸಕ್ಕೆ ನನಗೆ ಮನಸ್ಸೇ ಇರಲಿಲ್ಲ. ದಿನ ಮಾತ್ರ ಓಡ್ತಾ ಇತ್ತು.

ಕಡ್ಲೆಪುರಿ

ಒಂದು ದಿನ ಮೊಮ್ಮಗಳನ್ನ ಕರ್ಕೊಂಡು ಪಾಂಡವಪುರಕ್ಕೆ ಹೋಗಿದ್ದೆ. ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಕಡ್ಲೆಪುರಿ ಬೇಕು ಅಂತ ಹಟ. ಬಸ್ಸು ಹೊರಟಿತ್ತು, ಕೊಡಿಸಲಿಲ್ಲ. ಕಿಟಕಿ ಪಕ್ಕ ಕೂತು ಗಂಟಲು ಹರಿಯೋ ಹಾಗೆ ಅಳು.

ಪಕ್ಕದ ಸೀಟಿನ ಹೆಂಗಸು ಕೂಸನ್ನ ನೋಡಿದಳು, ನನ್ನನ್ನ ನೋಡಿದಳು, ಮತ್ತೆ ಕೂಸನ್ನ ನೋಡಿದಳು.

"ಯಾರ್ ಮಗ ಇದು?"

"ನನ್ ಮೊಮ್ಮಗಳು ಕಣವ್ವ."

"ನಿಮ್ ಮೊಮ್ಮಗ್ಳಾ?" ಅಂದವಳೇ ಕೂಸಿನ ಕಡೆ ಬಗ್ಗಿ, "ಪುಟ್ಟೀ, ಇವ್ರು ಯಾರವ್ವ?" ಅಂದಳು.

ನಮ್ಮ ವಂಶದ ಕುಡಿ ಅಳು ನಿಲ್ಲಿಸಿ, ನನ್ನನ್ನ ಮೇಲಿಂದ ಕೆಳಗೆ ನೋಡಿ, "ಗೊತ್ತಿಲ್ಲ" ಅಂತು.

ಮುಗೀತು. ಬಸ್ಸಿಗೆ ಬಸ್ಸೇ ಎದ್ದು ನಿಂತಿತು. ಒಬ್ಬ, "ಡ್ರೈವರಣ್ಣ, ಠಾಣೆ ಹತ್ರ ನಿಲ್ಸು" ಅಂದ. ನಾನು ಸೊಸೆಗೆ ವಿಡಿಯೋ ಕಾಲ್ ಹಚ್ಚಿ ಫೋನನ್ನ ಎಲ್ಲರಿಗೂ ಕಾಣೋ ಹಾಗೆ ಹಿಡಿದೆ.

"ಏನ್ ಮಾವ? ಕೂಸು ಯಾಕಂಗೆ ಅಳ್ತದೆ? ಏನೋ ಕೇಳಿರ್ತದೆ, ನೀವು ಕೊಡ್ಸಿರಾಕಿಲ್ಲ. ಕೊಡ್ಸ್‌ಬುಡಿ ಅತ್ಲಾಗೆ" ಅಂದಳು ಸೊಸೆ, ಥೇಟ್ ಪಾಲಹಳ್ಳಿ ಮಾತಲ್ಲಿ.

ಬದುಕಿದೆ ಅಂದುಕೊಂಡೆ. ಹಿಂದಿನ ಸೀಟಿನ ಯಜಮಾನ ಕತ್ತು ಚಾಚಿ ಫೋನು ನೋಡಿ, "ನಂಬ್‌ಬ್ಯಾಡಿ ಕಣ್ರಪ್ಪೋ! ಮಖ ಒಬ್ರುದು, ಮಾತು ಒಬ್ರುದು. ಈಗ ಫೋನಲ್ಲಿ ಎಲ್ಲಾ ಮಾಡ್ತಾವ್ರೆ!" ಅಂದ.

ಕೊನೆಗೆ ಯಾರದೋ ಕೈಚೀಲದಲ್ಲಿದ್ದ ಕಡ್ಲೆಪುರಿ ಒಂದು ಹಿಡಿ ಈಸಿಕೊಂಡು ಕೂಸಿನ ಕೈಗಿಟ್ಟೆ. ಬಾಯಿಗೆ ಹಾಕ್ಕೊಂಡು "ತಾತ" ಅಂತು. ಜನ ಕೂತರು. ಆ ಹೆಂಗಸು ಮಾತ್ರ ಶ್ರೀರಂಗಪಟ್ಟಣದವರೆಗೂ, "ತಿಂಡಿ ತೋರ್ಸೇ ತಾನೇ ಮಕ್ಳ ಕದಿಯೋದು" ಅಂತ ಗೊಣಗ್ತಾನೇ ಇದ್ದಳು.

ಉಲ್ಟಾ ಸೀದಾ

ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಕಂಡಕ್ಟರುಗಳಿಗೆ ಆಧಾರ್ ಕಾರ್ಡು ನೋಡೋದೇ ಕೆಲಸ. ನಮ್ಮ ಸೊಸೆ ಕೂಸನ್ನ ಸೊಂಟಕ್ಕೆ ಏರಿಸಿಕೊಂಡು ಕೆ.ಆರ್. ಪೇಟೆಗೆ ಹೊರಟಿದ್ದಳು, ಗೆಳತಿಯ ಮನೆ ಗೃಹಪ್ರವೇಶಕ್ಕೆ. ಕಾರ್ಡು ತೋರಿಸಿದಳು. ಕಂಡಕ್ಟರ್ ಅದನ್ನ ಉಲ್ಟಾ ನೋಡಿದ, ಸೀದಾ ನೋಡಿದ, ಬೆಳಕಿಗೆ ಹಿಡಿದು ನೋಡಿದ.

"ಪಾಲಹಳ್ಳಿ ಅಂತ ಅದೆ?"

"ಊಂ ಕಣಣ್ಣ, ಪಾಲಹಳ್ಳಿನೇ."

"ಪಾಲಹಳ್ಳಿಲಿ ಎಲ್ಲಿ?"

ಇವಳು ಬೀದಿ ಹೇಳಿದಳು, ಹಾಲಿನ ಡೈರಿ ಹೇಳಿದಳು, ಡೈರಿ ಎದುರು ಮನೆ ಎಮ್ಮೆ ಮೊನ್ನೆ ಕರು ಹಾಕಿದ್ದೂ ಹೇಳಿದಳು. ಆದರೂ ಅವನಿಗೆ ಸಮಾಧಾನ ಇಲ್ಲ.

"ತಪ್ಪು ತಿಳ್ಕಬ್ಯಾಡಿ ಅಕ್ಕ. ನಂಗೆ ಕೆಲ್ಸ ಕಲಿಸ್ದೋರು ಅಂಗೆ. ಕಾರ್ಡು, ಮಖ ಎರಡನ್ನೂ ಮೂರ್ ಮೂರ್ ಸಲ ನೋಡ್ದೆ ಟಿಕೆಟ್ ಅರೀಬ್ಯಾಡ ಅಂತ ಏಳ್ಕೊಟ್ಟವ್ರೆ" ಅಂತ ನನ್ನ ಹೆಸರು ಹೇಳಿದ.

ಸೊಸೆಗೆ ನಗು ತಡೆಯಲಿಲ್ಲ. "ಅಯ್ಯೋ, ಅವ್ರು ನಮ್ ಮಾವ ಕಣಣ್ಣ! ನಾನು ಅವ್ರ ಸೊಸೆ!"

ಅಲ್ಲೀತನಕ ಅರ್ಧ ನಂಬಿದ್ದವನು ಕಾರ್ಡು ವಾಪಸ್ ಕೊಡೋ ಕೈ ಹಿಂದಕ್ಕೆ ಎಳ್ಕೊಂಡನಂತೆ. "ಆವಯ್ಯ ಸ್ವಂತ ಹೆಂಡ್ತಿ ಬಸ್ಸು ಹತ್ತಿದ್ರೂ ಗುರುತಿನ ಚೀಟಿ ಕೇಳೋನು. ಹೊರದೇಶದ ಹೆಣ್ಣನ್ನ ಸುಮ್ಸುಮ್ನೆ ಮನೆ ತುಂಬಿಸ್ಕತ್ತಾನಾ? ಇದ್ರಲ್ಲೇನೋ ಅದೆ, ಇಳೀರಕ್ಕ!" ಅಂದ.

ಗುಸುಗುಸು

ಇದು ನಮ್ಮನೆಯವಳ ಅನುಮಾನ. ಮೊಮ್ಮಗಳು ನಮ್ಮ ಹತ್ರ ಕನ್ನಡ ಆಡುತ್ತೆ, ತಾಯಿ ಹತ್ರ ಅವರ ಸ್ವಾಹಿಲಿ ಭಾಷೆ. ನಮ್ಮನೆಯವಳು ಒಂದು ದಿನ ನನ್ನನ್ನ ಹಿತ್ತಲಿಗೆ ಕರೆದಳು.

"ನೋಡೀ, ಮಧ್ಯಾನ್ನ ನಾನು ವಸಿ ಅಡ್ಡಾದೆ ಅಂದ್ರೆ ಸಾಕು, ತಾಯಿ ಮಗಳು ಗುಸುಗುಸು ಸುರು ಮಾಡ್ತವೆ. ನನ್ ಕಡೆ ಕೈ ಬೇರೆ ತೋರ್ತವೆ. ನನ್ ವಿಷ್ಯನೇ ಅದು. ಏನು ಅಂತ ಪತ್ತೆ ಮಾಡಿ."

ಪತ್ತೆ ಮಾಡೋ ಕೆಲಸ ಅಂದರೆ ನನಗೂ ಕೈ ತುರಿಸುತ್ತೆ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ರಾಗಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟೆ. ಗುಸುಗುಸು ಸಿಕ್ಕಿತು. ಅದನ್ನ ತಗೊಂಡು ಮೈಸೂರಿಗೆ ಹೋದೆ. ಅಲ್ಲಿ ಸೊಸೆಯ ದೇಶದವನೇ ಒಬ್ಬ ಆರಡಿ ಆಳು, ಡಾಕ್ಟರೇಟಿಗೆ ಓದ್ತಾ ಇದ್ದಾನೆ. ನಂಟ ಅಲ್ಲ, ಸೊಸೆಗೆ ಬರೀ ಪರಿಚಯ. ಕನ್ನಡ ತಕ್ಕಮಟ್ಟಿಗೆ ಬರುತ್ತೆ. ಮುದ್ದೆ ಬಸ್ಸಾರು ಅಂದರೆ ಮೈಸೂರಿನಿಂದ ನಡೆದು ಬೇಕಾದರೂ ಬರ್ತಾನೆ.

ಅವನು ಎರಡು ಸಲ ಕೇಳಿಸಿಕೊಂಡು ನಕ್ಕ. "'ಅಜ್ಜಿ ಮಲಗಿದಾರೆ, ಸದ್ದು ಮಾಡಬೇಡ, ಪಾಪ ಅಜ್ಜಿಗೆ ಸೊಂಟ ನೋವು' ಅಂತ ಹೇಳ್ತಾ ಇದಾರೆ ಅಷ್ಟೇ" ಅಂದ.

ಮನೆಗೆ ಬಂದು ಹೇಳಿದೆ. ನಮ್ಮನೆಯವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸೊಸೆಗೆ ಅವತ್ತು ಎರಡು ಚಮಚ ತುಪ್ಪ ಜಾಸ್ತಿ ಬಿತ್ತು. ನಾನು ಕೇಸು ಮುಗೀತು ಅಂದುಕೊಂಡೆ.

ಮಾರನೇ ಬೆಳಿಗ್ಗೆ ಕಾಫಿ ಲೋಟ ಕೊಡ್ತಾ ಮೆಲ್ಲಗೆ ಅಂದಳು: "ಅದು ನಾನು ಮಲಗಿದ್ದಾಗ ಆಡಿದ್ದಾಯ್ತು. ಎದ್ದಿದ್ದಾಗ ಏನಂತವೆ? ಇವತ್ತು ಇನ್ನೊಂದ್ ಸಲ ಫೋನು ಮಡಗಿ."

ಅಕ್ಕನಿಗೆ ಗೊತ್ತಿರೋ ಮೂಗು

ಮುಡಿಗೆ ದಿನ ಹತ್ತಿರವಾಯಿತು. ಅಕ್ಕನ ಮಗಳನ್ನ ನಾಗಮಂಗಲ ಕಡೆ ಹೊಣಕೆರೆಗೆ ಕೊಟ್ಟಿದ್ದಾರೆ. ಅವಳಿಗೆ ನನ್ನ ಮೇಲೆ ಯಾವ ಸಿಟ್ಟೂ ಇಲ್ಲ. ಹೋಗಿ ಕೂತೆ.

"ನಿಮ್ ಮಗನ್ನ ಮಾಡ್ಕತೀಯಾ ಅಂತ ನನ್ನ ಯಾರಾದ್ರೂ ಒಂದ್ ಮಾತು ಕೇಳಿದ್ರಾ ಮಾವ? ಕೇಳಿದ್ರೆ ನಾನೇ ಬ್ಯಾಡ ಅಂತಿದ್ದೆ. ಅವ್ನು ಚಿಕ್ಕೋನಿದ್ದಾಗ ನನ್ ಜಡೆ ಎಳೀತಿದ್ದ" ಅಂದಳು. ಆಮೇಲೆ ಗುಟ್ಟು ಹೇಳಿದಳು. ಅಕ್ಕ ಇವಳ ಫೋನಿನಲ್ಲಿ ಕೂಸಿನ ಫೋಟೋ ಕದ್ದು ಕದ್ದು ನೋಡ್ತಾಳಂತೆ. ನೋಡಿ, "ನಾನೇನ್ ನೋಡ್ನಿಲ್ಲಪ್ಪ" ಅಂತಾಳಂತೆ.

"ಇರಿ, ಅವ್ವನ ಬಾಯಿಂದ್ಲೇ ಕೇಳಿ. ನೀವ್ ಮಾತ್ರ ಉಸ್ರು ಎತ್ತಬ್ಯಾಡಿ" ಅಂತ ಅಕ್ಕನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

"ಅವ್ವ, ಮಾವನ ಮೊಮ್ಮಗಳ ಮುಡಿ ಅಂತಲ್ಲ, ನೀನು ಹೋಗಾಕಿಲ್ವಾ?"

"ನಾನ್ಯಾಕೆ ಹೋಗ್ಲಿ? ಸೋದರಮಾವನ ತೊಡೆ ಮ್ಯಾಲೆ ಕೂಸು ಕೂರ್ಸಿ, ಅವ್ನ ಕೈಲಿ ಮೊದಲ ಕೂದಲು ತೆಗೆಸ್ಬೇಕು. ಅವ್ಳ ಅಣ್ಣ ತಮ್ಮಂದ್ರು ಸಮುದ್ರದಾಚೆ ಅವ್ರೆ. ಸೋದರಮಾವ ಬಂದ್ರೆ ನಾನೂ ಬತ್ತೀನಿ. ಬರಾಕಿಲ್ಲ ಅಂದ್ರೆ ಅದೆಂಥಾ ಮುಡಿ?" ಅಂದಳು. ಆಮೇಲೆ ಇದ್ದಕ್ಕಿದ್ದ ಹಾಗೆ ದನಿ ಬದಲಾಯಿತು. "ಲೇ, ಅಲ್ಯಾರು ಕೂತವ್ರೆ?"

"ಯಾರೂ ಇಲ್ಲ ಕಣವ್ವ."

"ಸುಳ್ ಬೊಗಳಬ್ಯಾಡ. ಸುಯ್ ಸುಯ್ ಅಂತ ಮೂಗಿನ ಸದ್ದು ಬತ್ತಾ ಅದೆ. ನಿಮ್ ಮಾವನ್ ಮೂಗು ಅದು. ಒರೆಸಿ ಒರೆಸಿ ದೊಡ್ಡದು ಮಾಡಿದೋಳು ನಾನು, ನಂಗೆ ಗೊತ್ತಾಗಾಕಿಲ್ವಾ?"

ಮುಡಿ

ಸೊಸೆಯ ಅಣ್ಣನಿಗೆ ರಜ ಸಿಗಲಿಲ್ಲ. ನನಗೆ ಹೊಳೆದದ್ದು ಒಂದೇ ದಾರಿ. ಮೈಸೂರಿನ ಆ ಆರಡಿ ಆಳನ್ನ ಸೋದರಮಾವ ಮಾಡಿ, ಸೋದರಮಾವ ಬರ್ತಾನೆ ಅಂತ ಅಕ್ಕನಿಗೆ ಅವಳ ಮಗಳ ಕೈಲಿ ಹೇಳಿ ಕಳಿಸೋದು.

"ಬ್ಯಾಡ ಮಾವ, ಇದ್ದದ್ ಇದ್ದಂಗೆ ಏಳ್‌ಬುಡೋಣ" ಅಂದಳು ಸೊಸೆ.

"ನೀನ್ ಸುಮ್ನಿರವ್ವ. ಮೂವತ್ನಾಲ್ಕು ವರ್ಷ ಸುಳ್ಳು ಹಿಡಿದೋನಿಗೆ ಒಂದು ಸುಳ್ಳು ಹೇಳಕ್ಕೆ ಬರಲ್ವಾ?" ಅಂದೆ.

ಮನೆದೇವರ ಗುಡಿ ಇರೋದು ಕಿಕ್ಕೇರಿ ಕಡೆ ಒಂದು ಹಳ್ಳಿಯಲ್ಲಿ. ಆಳಿಗೆ ಪಂಚೆ ಉಡಿಸಿ, ಶಲ್ಯ ಹೊದಿಸಿ, ಹಣೆಗೆ ಕುಂಕುಮ ಇಟ್ಟು ಕೂರಿಸಿದೆ. ಕ್ಷೌರದವರು ಕತ್ತಿ ಮಸೀತಾ ಇದ್ದರು. ಆಟೋ ಬಂತು. ಅಕ್ಕ ಇಳಿದಳು. ಜೊತೆಗೆ ಅವಳ ಮಗ. ಅಕ್ಕ ನನ್ನ ಕಡೆ ನೋಡಲೇ ಇಲ್ಲ. ನೆಟ್ಟಗೆ ಸೊಸೆಯನ್ನ ಹೊಂಗೆ ಮರದ ಕೆಳಕ್ಕೆ ಕರ್ಕೊಂಡು ಹೋದಳು.

"ನಿಮ್ಮವ್ವಂಗೆ ಎಷ್ಟು ಜನ ಮಕ್ಳು?"

"ಆರು ಜನ."

ಅಲ್ಲಿಂದ ನಡ್ಕೊಂಡು ಆಳಿನ ಮುಂದೆ ಬಂದು ನಿಂತಳು.

"ನಿಮ್ಮವ್ವಂಗೆ ಎಷ್ಟು ಜನ ಮಕ್ಳಪ್ಪ?"

ಪಾಪ, ಅವನು ನಿಯತ್ತಿನ ಮನುಷ್ಯ. ಇದೊಂದು ಪ್ರಶ್ನೆ ನಾನು ಹೇಳಿಕೊಟ್ಟಿರಲಿಲ್ಲ. "ನಾಲ್ಕು ಜನ ಅಮ್ಮ" ಅಂದ.

ಅಕ್ಕ ನನ್ನ ಕಡೆ ತಿರುಗಿದಳು. ಇಷ್ಟು ವರ್ಷದ ಮೇಲೆ ನನಗೆ ಆಡಿದ ಮೊದಲ ಮಾತು: "ಏನ್ಲಾ ಕಂಡಕ್ಟರು, ಇನ್ನೆರಡು ಜನನ್ನ ದಾರೀಲಿ ಎಲ್ಲಿ ಇಳಿಸ್ದೆ?"

ಆಳು ಎದ್ದು ಕೈ ಮುಗಿದ. "ಕ್ಷಮಿಸಿ ಅಮ್ಮ. ನಾನು ಬರೀ ಪರಿಚಯ. ಊಟಕ್ಕೆ ಬಾ ಅಂದ್ರು, ಬಂದೆ."

ಅಕ್ಕ ಚೀಲ ಎತ್ತಿಕೊಂಡು ಆಟೋ ಕಡೆ ಹೊರಟಳು. ಎಲ್ಲ ನಾನೇ ಕೆಡಿಸಿದೆ ಅಂತ ಕಣ್ಣಲ್ಲಿ ನೀರು ಬಂತು. ಸೊಸೆ ಕೂಸನ್ನ ಎತ್ತಿಕೊಂಡು ಓಡಿಹೋಗಿ ಅಕ್ಕನಿಗೆ ಅಡ್ಡ ನಿಂತಳು.

"ನಮ್ಮಣ್ಣಂಗೆ ರಜ ಸಿಗ್ನಿಲ್ಲ. ಮಾವ ನಿಮ್ಮನ್ನ ಕರೆಸ್ಬೇಕು ಅಂತ ಇಂಗ್ ಮಾಡ್‌ಬುಟ್ರು. ನಂಗೆ ಇಲ್ಲಿ ತವರು ಅಂತ ಯಾರೂ ಇಲ್ಲ ಕಣವ್ವ. ನೀವು ಹೋದ್ರೆ ಇವತ್ತು ಮುಡಿ ತೆಗೆಸಾಕಿಲ್ಲ. ನೀವು ಯಾವತ್ತು ಬತ್ತೀರೋ ಅವತ್ತೇ."

ಅಕ್ಕ ನಿಂತಳು. ಅಷ್ಟರಲ್ಲಿ ಕೂಸು ಬಗ್ಗಿ ಅಕ್ಕನ ಚೀಲಕ್ಕೆ ಕೈ ಹಾಕಿ ಬಾಳೆಹಣ್ಣು ಎಳೆದುಕೊಂಡು, ಸುಲಿದುಕೊಡು ಅಂತ ಅಕ್ಕನ ಮುಖಕ್ಕೇ ಹಿಡಿಯಿತು. ಅಕ್ಕ ಸುಲಿದಳು. ತಿನ್ನಿಸಿದಳು. ಆಮೇಲೆ ಮುಖ ಗಂಟು ಹಾಕಿಕೊಂಡೇ ನನ್ನನ್ನ ಕರೆದಳು.

"ಬಾರ್ಲಾ ಇಲ್ಲಿ. ನನ್ ಮಗಳನ್ನ ನೀನು ಸೊಸೆ ಮಾಡ್ಕಂಡಿದ್ರೆ, ಅವ್ಳ ಕೂಸಿಗೆ ಸೋದರಮಾವ ಯಾರ್ ಆಗ್ತಿದ್ದ?"

"ನಿನ್ ಮಗ."

"ಅವ್ನು ಈಗ ಎಲ್ಲವ್ನೆ?"

"ಅಗೋ, ಆಟೋ ಪಕ್ಕ ನಿಂತವ್ನೆ."

"ಮತ್ತೆ ಸಮುದ್ರದಾಚೆ ಏನ್ಲಾ ಹುಡುಕ್ತಾ ಇದ್ದೆ?" ಅಂದವಳೇ ಮಗನಿಗೆ ಕೂಗಿದಳು. "ಲೇ, ಬಾರ್ಲಾ, ಚಕ್ಕಳಮಕ್ಕಳ ಹಾಕ್ಕಂಡು ಕೂತ್ಕ. ನಿನ್ ತಂಗಿ ಮಗಳ ಮುಡಿ ಇದು!"

ಕೂಸು ಸೋದರಮಾವನ ತೊಡೆ ಮೇಲೆ ಕೂತಿತು. ಅವನು ಮೊದಲ ಗುಂಗುರು ಕತ್ತರಿಸಿದ. ಕೂಸು ಚೀರಿತು, ಸೊಸೆ ಅತ್ತಳು, ನಾನೂ ಅತ್ತೆ, ಮೈಸೂರಿನ ಆಳು ಎಲ್ಲರಿಗಿಂತ ಜೋರಾಗಿ ಅತ್ತ. ಬೋಳು ತಲೆಗೆ ಅಕ್ಕನೇ ಶ್ರೀಗಂಧ ಹಚ್ಚಿದಳು.

ಊಟಕ್ಕೆ ಎಲೆ ಹಾಕಿದೆವು. ನನಗೆ ಖುಷಿಯೋ ಖುಷಿ. "ಅಕ್ಕ, ಬಾ, ನನ್ ಪಕ್ಕ ಕೂತ್ಕ ಬಾ" ಅಂದೆ.

"ಅಕ್ಕ ಗಿಕ್ಕ ಅನ್ನಬ್ಯಾಡ. ಇವತ್ತಿಂದ ನಾನು ಹೆಣ್ ಕೊಟ್ಟೋಳು. ನಿಂಗೆ ಬೀಗಿತ್ತಿ. ಮರ್ಯಾದೆ ಕೊಟ್ಟು ಮಾತಾಡು" ಅಂದಳು. ಆಮೇಲೆ ಸೊಸೆಯ ಮುಂಗೈ ಹಿಡಿದು, ಸಂತೆಯಲ್ಲಿ ಬದನೆಕಾಯಿ ನೋಡೋ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದಳು. ನೋಡಿ, ನಮ್ಮನೆಯವಳ ಕಡೆ ಹುಬ್ಬು ಏರಿಸಿದಳು. "ನನ್ ಮಗಳು ಇಷ್ಟು ಬಡವಾಗವ್ಳೆ? ನೀವು ಗಂಡ ಹೆಂಡ್ತಿ ಇವಳ ಹೊಟ್ಟೆಗೆ ನೆಟ್ಟಗೆ ಇಕ್ತಾ ಇದ್ದೀರಾ ಇಲ್ವಾ? ನಂಗ್ಯಾಕೋ ಬಲವಾದ ಅನುಮಾನ."

ನಮ್ಮನೆಯವಳು ಸಾರಿನ ಸೌಟು ಹಿಡಿದು ಕಲ್ಲಾದಳು. ನಾನು ದಿಕ್ಕು ತೋಚದೆ ಸೊಸೆಯ ಮುಖ ನೋಡಿದೆ, ನಮ್ಮ ಪರ ಒಂದು ಮಾತು ಹೇಳಲಿ ಅಂತ. ಅವಳು ಅಕ್ಕನ ಭುಜಕ್ಕೆ ತಲೆ ಆನಿಸಿ, ಕಣ್ಣಲ್ಲಿ ನಗು ಮುಚ್ಚಿಟ್ಟುಕೊಂಡು ಅಂದಳು:

"ಇಲ್ಲಿ ಎಂಗೆ ಏಳ್ಲಿ ಕಣವ್ವ? ಸೋಮವಾರ ಗಂಟುಮೂಟೆ ಕಟ್ಕಂಡು ಬಾ, ಒಂದು ತಿಂಗ್ಳು ಇದ್ದು ನೀನೇ ನೋಡುವಂತೆ."