ಅಳಿಯನ ಕಣ್ಣಿಗೆ ಮೂರು ಹನಿ

ಅಂದು ಮುಂಜಾನೆ ಕುರುಗೋಡಿನ ಬಂಡೆಗುಡ್ಡಗಳ ಮೇಲಿನ ಮಂಜು ಬೇಗನೆ ಕರಗಿ, ಬಸವಣ್ಣನ ಗುಡಿಗೆ ಎಳೆಬಿಸಿಲು ತಾಗಿತ್ತು. ಉಚ್ಚಂಗೆಪ್ಪ ಅತ್ತ ಕೈಮುಗಿದು, ಹಿಂದಿನ ದಿನ ಬಳ್ಳಾರಿಯಿಂದ ತಂದಿದ್ದ ಔಷಧದ ಸೀಸೆಯನ್ನು ಹಸುಗೂಸಿನಂತೆ ಎತ್ತಿಕೊಂಡ.

ಹೆಂಡತಿ ಸತ್ಯಮ್ಮನ ಎಡಗಣ್ಣಿನೊಳಗೆ ಒತ್ತಡ ಏರಿತ್ತು. ದಸರೆಯಿಂದ ಆಕೆ ನೋವು ತಾಳದೆ ಎರಡೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ರೊಟ್ಟಿ ಬಡಿಸುತ್ತ ಆಕೆ ಓರೆಯಾಗಿ ನೋಡಿ ನಗುತ್ತಿದ್ದಳಲ್ಲ, ಆ ಒಂದು ನೋಟಕ್ಕಾಗಿ ಉಚ್ಚಂಗೆಪ್ಪನ ಜೀವ ಹಂಬಲಿಸುತ್ತಿತ್ತು.

ಡಾಕ್ಟರು ಇಬ್ಬರಿಗೂ ತಿಳಿಹೇಳಿದ್ದರು: ಕೈ ತೊಳೆದು ಎಡಗಣ್ಣಿಗೆ ಒಂದೇ ಹನಿ, ಆಮೇಲೆ ಮೂಗಿನ ಪಕ್ಕದ ಮೂಲೆಯನ್ನು ಮೆಲ್ಲಗೆ ಒತ್ತಿ ಹಿಡಿಯಬೇಕು, ಬೇರೆಯವರ ಕಣ್ಣಿಗೆ ಹಾಕಿದರೆ ಕತ್ತಲೆ ಕವಿದೀತು.

ಸಿರುಗುಪ್ಪದಿಂದ ಬಂದಿದ್ದ ಅತ್ತೆ ದೊಡ್ಡಬಸಮ್ಮ ಸೆರಗು ಎಳೆದುಕೊಂಡು ಬಾಗಿಲ ಮರೆಯಿಂದಲೇ ತಡೆದಳು. “ಅಳಿಯಪ್ಪಾ, ಬಿಳೀ ದೊರೆಗಳ ಔಷಧ ಅದು. ಮೊದ್ಲ ನೀ ಹಾಕ್ಕೊಂಡು ತೋರ್ಸು.”

“ಡಾಕ್ಟರು ಬ್ಯಾಡಂದಾರ್ರಿ, ಅತ್ತೀ.”

ನೆರೆಮನೆಯ ಹುಲುಗಪ್ಪ ಗೋಡೆಯ ಮೇಲಿಂದ ಇಣುಕಿದ. “ಹೆಂಡ್ತಿ ಕಣ್ಣಾದ್ರ ಹೋಗ್ಲಿ, ತನ್ನ ಕಣ್ಣು ಉಳೀಲಿ ಅಂತಾನಬೇ! ಹಾಕ್ಕೋ ಅಣ್ಣ. ಒಂದ ಹನಿ ಯಾಕ? ತೀರ್ಥಾನೂ ಮೂರು ಸಲ ಕೊಡ್ತಾರ!”

ಮಾತು ಚುಚ್ಚಿತು. ಉಚ್ಚಂಗೆಪ್ಪ ಎರಡೂ ಕಣ್ಣಿಗೆ ಮೂರು ಮೂರು ಹನಿ ಬಿಟ್ಟುಕೊಂಡ.

ಸ್ವಲ್ಪ ಹೊತ್ತಿಗೆ ಹುಬ್ಬಿನ ಮೇಲೆ ಒನಕೆ ಕುಟ್ಟಿದಂತಾಯಿತು.

“ಹುಲುಗಾ, ಮೋಡ ಮುಚ್ಚೇತೇನು?”

“ಬಿಸಿಲು ನೆತ್ತಿ ಸುಡಾಕತ್ತೈತಿ, ಅಣ್ಣ!”

ಗವಾಕ್ಷಿಯೊಂದೇ ಇದ್ದ ನಡುಮನೆ ಉಚ್ಚಂಗೆಪ್ಪನಿಗೆ ನೆಲದೊಳಗಿನ ಕಾಳಿನ ಹಗೇವಿನಂತೆ ಕತ್ತಲಾಗಿ ಕಂಡಿತು. ತಡವರಿಸುತ್ತ ಹೋಗಿ, ಕುಳಿತಿದ್ದವಳ ಗದ್ದವನ್ನು ಮುದ್ದಿನಿಂದ ಎತ್ತಿದ. “ಸತ್ಯಾ, ಮ್ಯಾಲ ನೋಡು, ನನ್ನ ಚಿನ್ನಾ.”

“ಅಯ್ಯ ಶಿವನ! ಅಳಿಯಪ್ಪಾ, ಇದು ನನ್ನ ಗದ್ದ!” ಎಂದು ದೊಡ್ಡಬಸಮ್ಮ ಕಿರುಚಿ ಅಡುಗೆಮನೆಗೆ ಓಡಿದಳು. ಗೋಡೆಯ ಮೇಲಿದ್ದ ಹುಲುಗಪ್ಪ ನಗುತ್ತ ನಗುತ್ತ ಆಚೆಯ ಸಗಣಿಗುಂಡಿಗೆ ಬಿದ್ದ.

“ಕೊಡ್ರಿ ಇಲ್ಲಿ,” ಎಂದಳು ಪಕ್ಕದಲ್ಲೇ ಕುಳಿತಿದ್ದ ಸತ್ಯಮ್ಮ. ಬಟ್ಟೆ ಬಿಚ್ಚಿ, ಕೈ ತೊಳೆದು, ಎಡಗಣ್ಣಿಗೆ ಸೀಸೆಯ ಕೊಳವೆ ತಾಗದಂತೆ ಒಂದೇ ಹನಿ ಬಿಟ್ಟುಕೊಂಡು, ಮೂಲೆಯನ್ನು ಒತ್ತಿ ಹಿಡಿದಳು.

ಊಟದ ಹೊತ್ತಿಗೆ ಆಕೆಯ ನೋವು ಇಳಿಯಿತು. ಅಡುಗೆಮನೆಯಿಂದ ಅತ್ತೆಯ ದನಿ ಬಂತು: “ಅಳಿಯಪ್ಪಾ, ಸತ್ಯಾ ಕಣ್ಣು ಬಿಟ್ಟಾಳ! ನಿನ್ನ ನೋಡಿ ನಗಾಕತ್ಯಾಳ!”

“ಎಲ್ಲಿ? ಹಂಗ ಇರು ಸತ್ಯಾ, ಇನ್ನೊಂದೀಟು ಹೊತ್ತಿಗೆ ಕಂಡೀತು,” ಎಂದು ಉಚ್ಚಂಗೆಪ್ಪ ಎದುರಿನ ಕಂಬವನ್ನೇ ಬೇಡಿಕೊಂಡ.

ಸತ್ಯಮ್ಮ ಹತ್ತಿರ ಬಂದು, ಅವನ ಮುಖವನ್ನು ಕಂಬದಿಂದ ತನ್ನತ್ತ ತಿರುಗಿಸಿಕೊಂಡು, ದಸರೆಯಿಂದ ಬಾಕಿಯಿದ್ದ ನೋಟವನ್ನೆಲ್ಲ ಆ ಕಾಣದ ಕಣ್ಣುಗಳಿಗೆ ಸದ್ದಿಲ್ಲದೆ ಸಲ್ಲಿಸಿದಳು.